ವಿದ್ಯಾರ್ಥಿನಿಲಯದಲ್ಲಿ ಚರ್ಮದ ಸೋಂಕುಗಳು: ಒಂದು ವಿಚಾರ

ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ಎಂದಿನಂತೆ ನನ್ನಿಂದ ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತ ಒಂದು ಲೇಖನವನ್ನು ಅಪೇಕ್ಷಿಸಿದ್ದರು. ಕನ್ನಡ ಪಂಡಿತನಾದವನು ಕಜ್ಜಿ, ಹುಳುಕಡ್ಡಿಗಳನ್ನು ಕುರಿತು ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ಓದುಗರಿಗೆ ತೋರುವುದು ಸಹಜವೇ. ಆದರೆ ಪಾಠಶಾಲೆಯಲ್ಲಿ ಇಷ್ಟು ವರ್ಷಗಳನ್ನು ಕಳೆದ ಮೇಲೆ ನನಗೆ ಮನವರಿಕೆಯಾಗಿರುವ ಸಂಗತಿಯೊಂದಿದೆ. ವಿದ್ಯಾರ್ಥಿಯೊಬ್ಬನ ಓದು ಕೆಡುವುದಕ್ಕೆ ಪಾಠದ ಕಾಠಿಣ್ಯವೇ ಯಾವಾಗಲೂ ಕಾರಣವಾಗಿರುವುದಿಲ್ಲ. ಇರುಳೆಲ್ಲ ಮೈ ತುರಿಸಿಕೊಂಡು ನಿದ್ದೆಗೆಟ್ಟವನಿಗೆ ಹಗಲಿನಲ್ಲಿ ಷಟ್ಪದಿಯ ಮಾತ್ರೆಗಳನ್ನು ಎಣಿಸುವುದು ಸಾಧ್ಯವಾಗದು. ಇಷ್ಟು ಸರಳವಾದ ವಿಷಯವನ್ನು ನಾನು ತಿಳಿದುಕೊಂಡುದು ಒಂದು ತಪ್ಪನ್ನು ಮಾಡಿದ ಮೇಲೆ. ಆ ತಪ್ಪು ಬೇರೆಯವರಿಂದ ಆಗದಿರಲೆಂಬುದೇ ಈ ಲೇಖನದ ಉದ್ದೇಶ.

ನಾನು ವೈದ್ಯನಲ್ಲ. ಇಲ್ಲಿ ಬರೆದಿರುವುದೆಲ್ಲ ವೈದ್ಯರಿಂದ ಕೇಳಿದುದು, ಗ್ರಂಥಗಳಲ್ಲಿ ಓದಿದುದು ಮತ್ತು ನಿಲಯದಲ್ಲಿ ಕಣ್ಣಾರೆ ಕಂಡುದು. ಔಷಧದ ಪ್ರಮಾಣವನ್ನು ನಿರ್ಣಯಿಸುವ ಅಧಿಕಾರ ವೈದ್ಯರದು. ರೋಗವನ್ನು ಬೇಗನೆ ಗುರುತಿಸಿ ಮಗುವನ್ನು ಅವರ ಬಳಿಗೆ ಕರೆದೊಯ್ಯುವ ಹೊಣೆ ಮಾತ್ರ ನಮ್ಮದು.

ಒಂದು ತಪ್ಪು

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ವಿದ್ವತ್ ಪರೀಕ್ಷೆಯನ್ನು ಮುಗಿಸಿ ಬೇರೊಂದು ಊರಿನ ಶಾಲೆಯಲ್ಲಿ ಹೊಸದಾಗಿ ಸೇರಿದ್ದೆ. ಅಲ್ಲಿಯ ವಿದ್ಯಾರ್ಥಿನಿಲಯದಲ್ಲಿ ಅರುವತ್ತು ಮಂದಿ ಹುಡುಗರಿದ್ದರು. ನನ್ನ ವಾಸವೂ ಅಲ್ಲಿಯೇ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಕಂಠಪಾಠದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ದಿನ ಪಾಠದ ನಡುವೆ ಅವನು ಬೆರಳ ಸಂದುಗಳನ್ನು ಎಡೆಬಿಡದೆ ಕೆರೆದುಕೊಳ್ಳುತ್ತಿದ್ದುದನ್ನು ಕಂಡು ನನಗೆ ಸಿಟ್ಟು ಬಂದಿತು. ಇಡೀ ತರಗತಿಯ ಮುಂದೆ ಅವನನ್ನು ನಿಲ್ಲಿಸಿ, "ನಿನಗೆ ಸ್ನಾನದ ಅಭ್ಯಾಸವಿಲ್ಲವೇನು?" ಎಂದು ಕೇಳಿದೆ. ಹುಡುಗರು ನಕ್ಕರು. ಅಷ್ಟಕ್ಕೇ ಬಿಡದೆ ಕೊನೆಯ ಮಣೆಯ ಮೇಲೆ ಒಬ್ಬನೇ ಕುಳಿತುಕೊಳ್ಳುವಂತೆ ಆಜ್ಞೆ ಮಾಡಿದೆ. ಊಟದ ಪಂಕ್ತಿಯಲ್ಲಿಯೂ ಉಳಿದ ಹುಡುಗರು ತಾವಾಗಿಯೇ ಅವನಿಂದ ದೂರ ಸರಿದರು. ಆ ವಾರದ ಕೊನೆಗೆ ಅವನು ತನ್ನ ಟ್ರಂಕನ್ನು ಹೊತ್ತುಕೊಂಡು ಊರಿಗೆ ಹೊರಟುಹೋದ.

ತಿಂಗಳೊಳಗೆ ನಿಲಯದ ಅರ್ಧದಷ್ಟು ಹುಡುಗರು ತುರಿಸಿಕೊಳ್ಳತೊಡಗಿದರು. ಸರ್ಕಾರಿ ಆಸ್ಪತ್ರೆಯ ವೈದ್ಯರೊಬ್ಬರನ್ನು ಕರೆಸಿದೆವು. ಅವರು ಸಾಲಾಗಿ ಎಲ್ಲರ ಕೈಗಳನ್ನು ನೋಡಿ, ಅಡುಗೆಯವರನ್ನೂ ನೋಡಿ, ಕಡೆಗೆ ನನ್ನ ಕೈಯನ್ನೂ ಹಿಡಿದು ಬೆಳಕಿಗೆ ತಿರುಗಿಸಿದರು. ಮಣಿಕಟ್ಟಿನ ಒಳಮಗ್ಗುಲಲ್ಲಿ ಕೂದಲೆಳೆಯಂತಹ ಒಂದು ಸಣ್ಣ ಗೆರೆಯಿತ್ತು. "ಪಂಡಿತರೇ, ನಿಮಗೆ ಎಷ್ಟು ದಿನಗಳಿಂದ ತುರಿಕೆ?" ಎಂದು ಕೇಳಿದರು. ನಾನು ಅದನ್ನು ಬೆವರುಸಾಲೆಯೆಂದೇ ಭಾವಿಸಿದ್ದೆ. ದಿನಗಳನ್ನು ಎಣಿಸಿ ನೋಡಿದಾಗ ಬಾಯಿ ಕಟ್ಟಿತು. ಆ ಹುಡುಗನನ್ನು ನಾನು ನಿಲ್ಲಿಸಿ ಕೇಳುವುದಕ್ಕಿಂತ ಮೊದಲೇ ನನಗೆ ತುರಿಕೆಯಿತ್ತು.

ಯಾರಿಂದ ಯಾರಿಗೆ ಬಂದಿತೆಂಬುದನ್ನು ಹೇಳಲಾಗದು, ಹುಡುಕಿಯೂ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿದರು. ಮೊದಲು ತುರಿಸಿಕೊಂಡವನೇ ರೋಗವನ್ನು ತಂದವನೆಂದು ತಿಳಿಯುವುದು ತಪ್ಪೆಂದೂ ಹೇಳಿದರು. ಅದೇಕೆಂಬುದನ್ನು ಮುಂದೆ ವಿವರಿಸುತ್ತೇನೆ.

ಶಬ್ದವೂ ಭಯವೂ

ರೋಗಗಳಿಗಿಂತ ಮೊದಲು ಅವುಗಳ ಹೆಸರುಗಳನ್ನು ವಿಚಾರಿಸುವುದು ಉಚಿತ. ಏಕೆಂದರೆ ಚರ್ಮದ ರೋಗಗಳ ವಿಷಯದಲ್ಲಿ ನಮ್ಮ ನಾಚಿಕೆಗೆ ಮೂಲವು ಬಹುಮಟ್ಟಿಗೆ ಶಬ್ದಗಳಲ್ಲಿಯೇ ಇದೆ.

ಚರಕ, ಸುಶ್ರುತ ಸಂಹಿತೆಗಳೆರಡರಲ್ಲಿಯೂ ಕುಷ್ಠವು ಹದಿನೆಂಟು ಬಗೆಯೆಂದು ಹೇಳಿದೆ: ಮಹಾಕುಷ್ಠಗಳು 7, ಕ್ಷುದ್ರಕುಷ್ಠಗಳು 11. ಇಂದು ನಾವು ಹುಳುಕಡ್ಡಿಯೆನ್ನುವುದಕ್ಕೆ ಹೊಂದುವ ದದ್ರು, ತುರಿಗುಳ್ಳೆಗಳಿಂದ ಕೂಡಿದ ಪಾಮಾ, ಕೆರೆತ ಮತ್ತು ಸ್ರಾವಗಳುಳ್ಳ ವಿಚರ್ಚಿಕಾ ಇವೆಲ್ಲವೂ ಆ ಹದಿನೆಂಟರೊಳಗೆ ಸೇರಿವೆ. ಚರಕದಲ್ಲಿ ದದ್ರುವು ಕ್ಷುದ್ರಗಳ ಸಾಲಿನಲ್ಲಿದ್ದರೆ ಸುಶ್ರುತದಲ್ಲಿ ಮಹಾಕುಷ್ಠಗಳ ಸಾಲಿನಲ್ಲಿದೆ. ಅಂದರೆ ಪ್ರಾಚೀನರ 'ಕುಷ್ಠ' ಶಬ್ದವು ಚರ್ಮವನ್ನು ಕೆಡಿಸುವ ವ್ಯಾಧಿಗಳಿಗೆಲ್ಲ ಒಂದು ಸಾಮಾನ್ಯ ನಾಮವಾಗಿತ್ತು. ಕಾಲಕ್ರಮದಲ್ಲಿ ಆ ಶಬ್ದದ ಅರ್ಥ ಸಂಕೋಚಗೊಂಡು ಒಂದೇ ರೋಗಕ್ಕೆ ಸೀಮಿತವಾಯಿತು. ಆದರೆ ಶಬ್ದಕ್ಕೆ ಅಂಟಿದ್ದ ಭಯವು ಸಂಕೋಚಗೊಳ್ಳಲಿಲ್ಲ. ಮೈಮೇಲೆ ಒಂದು ಮಚ್ಚೆ ಕಂಡರೂ ಸಾಕು, ನೆರೆಹೊರೆಯವರು ಪಿಸುಗುಟ್ಟುತ್ತಾರೆ. ಪ್ರಾಚೀನರು ಕುಷ್ಠದ ಕಾರಣಗಳಲ್ಲಿ ಪಾಪಕರ್ಮವನ್ನೂ ಒಂದಾಗಿ ಎಣಿಸಿದ್ದುದರಿಂದ ರೋಗಿಯ ಮೇಲೆ ರೋಗದ ಜೊತೆಗೆ ಅಪರಾಧದ ಹೊರೆಯೂ ಬಿದ್ದಿತು.

ಅದೇ ಪ್ರಾಚೀನರ ಸೂಕ್ಷ್ಮದೃಷ್ಟಿಯನ್ನು ಇಲ್ಲಿ ಸ್ಮರಿಸದಿದ್ದರೆ ಅನ್ಯಾಯವಾದೀತು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ, ಮೈಗೆ ಮೈ ತಾಗುವುದರಿಂದಲೂ ಒಂದೇ ಹಾಸಿಗೆ, ಆಸನ, ಬಟ್ಟೆಗಳನ್ನು ಹಂಚಿಕೊಳ್ಳುವುದರಿಂದಲೂ ಕುಷ್ಠ, ಜ್ವರ, ಕ್ಷಯ, ಕಣ್ಣುಬೇನೆಗಳು ಒಬ್ಬರಿಂದ ಒಬ್ಬರಿಗೆ ಸಂಕ್ರಮಿಸುತ್ತವೆಂಬ ಅಭಿಪ್ರಾಯವಿದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇಷ್ಟನ್ನು ಕಂಡುಕೊಂಡುದು ಸಾಮಾನ್ಯವಲ್ಲ. ಈ ಎರಡು ಮಾತುಗಳಲ್ಲಿ ನಾವು ಪಾಪದ ಮಾತನ್ನು ಉಳಿಸಿಕೊಂಡೆವು, ಹಾಸಿಗೆಯ ಮಾತನ್ನು ಮರೆತೆವು. ಇದನ್ನು ತಿರುವುಮುರುವು ಮಾಡಿಕೊಂಡರೆ ಅರ್ಧ ಚಿಕಿತ್ಸೆಯಾದಂತೆಯೇ ಸರಿ.

ಕಜ್ಜಿ

'ಕಜ್ಜಿ' ಎಂಬುದು ಸಂಸ್ಕೃತದ 'ಖರ್ಜು' ಶಬ್ದದಿಂದ ಬಂದ ತದ್ಭವವೆಂದು ಹೇಳುವುದುಂಟು. ತುರಿಕೆಯೆಂದೇ ಅದರ ಅರ್ಥ. ಲ್ಯಾಟಿನ್ ಭಾಷೆಯಲ್ಲಿ ಕೆರೆಯುವುದೆಂಬ ಅರ್ಥದ ಧಾತುವಿನಿಂದ 'ಸ್ಕೇಬೀಸ್' ಎಂಬ ವೈದ್ಯಕೀಯ ನಾಮವು ಹುಟ್ಟಿದೆ. ದೇಶ ಬೇರೆಯಾದರೂ ಅನುಭವವೊಂದೇ.

ಇದಕ್ಕೆ ಕಾರಣವಾದುದು ಒಂದು ನುಸಿ. ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ, ಎಂಟು ಕಾಲುಗಳುಳ್ಳ ಜೀವಿ. ಹೆಣ್ಣು ನುಸಿಯ ಉದ್ದ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಬರಿಗಣ್ಣಿಗೆ ಕಂಡರೂ ಒಂದು ಚುಕ್ಕೆಯಂತೆ ಮಾತ್ರ. ಅದು ಚರ್ಮದ ಮೇಲ್ಪದರದಲ್ಲಿ ಸುರಂಗವನ್ನು ಕೊರೆದು, ದಿನಕ್ಕೆ ಎರಡು ಮೂರು ಮೊಟ್ಟೆಗಳಂತೆ ಇಡುತ್ತ ಒಂದೆರಡು ತಿಂಗಳು ಬದುಕುತ್ತದೆ. ಮೊಟ್ಟೆಗಳು ಮೂರು ನಾಲ್ಕು ದಿನಗಳಲ್ಲಿ ಒಡೆಯುತ್ತವೆ. ಮರಿಗಳು ಸುಮಾರು ಎರಡು ವಾರಗಳಲ್ಲಿ ಬಲಿತು ತಾವೂ ಸುರಂಗ ತೋಡುತ್ತವೆ. ಬೆರಳ ಸಂದು, ಮಣಿಕಟ್ಟು, ಮೊಳಕೈ, ಕಂಕುಳು, ಹೊಕ್ಕುಳ ಸುತ್ತು, ಸೊಂಟ, ಪೃಷ್ಠ, ಗುಹ್ಯಭಾಗ ಇವು ಅದಕ್ಕೆ ಪ್ರಿಯವಾದ ಸ್ಥಾನಗಳು. ಹಸುಗೂಸುಗಳಲ್ಲಿ ಅಂಗೈ, ಅಂಗಾಲು, ಮುಖ, ತಲೆಗಳಲ್ಲಿಯೂ ಕಾಣಬಹುದು. ತುರಿಕೆಯು ರಾತ್ರಿ ಮಲಗಿದ ಮೇಲೆ ಹೆಚ್ಚಾಗುವುದು ಇದರ ಮುಖ್ಯ ಲಕ್ಷಣ.

ಇದನ್ನು ಲೋಕವು ಒಪ್ಪಿಕೊಂಡ ಬಗೆ ಸ್ವಾರಸ್ಯವಾಗಿದೆ. 1687ರಲ್ಲಿ ಇಟಲಿಯ ಬೊನೊಮೊ ಎಂಬ ವೈದ್ಯನು ಚೆಸ್ತೋನಿಯೆಂಬ ಔಷಧಕಾರನೊಡಗೂಡಿ ಈ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಕಜ್ಜಿಗೆ ಇದೇ ಕಾರಣವೆಂದು ರೇದಿಯೆಂಬ ವಿದ್ವಾಂಸನಿಗೆ ಪತ್ರ ಬರೆದನು. ಬಡ ಹೆಂಗಸರು ತಮ್ಮ ಮಕ್ಕಳ ಕಜ್ಜಿಯಿಂದ ಸೂಜಿಯ ಮೊನೆಯಲ್ಲಿ ಏನನ್ನೋ ಹೊರತೆಗೆಯುವುದನ್ನು ಕಂಡುದೇ ಅವನ ಶೋಧನೆಗೆ ಪ್ರೇರಣೆ. ದೊಡ್ಡ ವೈದ್ಯರು ಕಿವಿಗೊಡಲಿಲ್ಲ; ರಕ್ತ ಕೆಟ್ಟು ಕಜ್ಜಿಯಾಗುವುದೆಂದೇ ಸಾಧಿಸಿದರು. 147 ವರ್ಷಗಳು ಕಳೆದ ಮೇಲೆ, 1834ರಲ್ಲಿ, ಕಾರ್ಸಿಕ ದ್ವೀಪದಿಂದ ಬಂದ ರೆನೂಚಿಯೆಂಬ ವೈದ್ಯ ವಿದ್ಯಾರ್ಥಿಯು ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಎಲ್ಲರ ಮುಂದೆ ಸೂಜಿಯಿಂದ ನುಸಿಯನ್ನು ತೆಗೆದು ತೋರಿಸಿದನು. ಅವನೂ ಅದನ್ನು ಕಲಿತುದು ತನ್ನ ಊರಿನ ಹೆಂಗಸರಿಂದ. ಮಗುವಿನ ಕೈಯನ್ನು ಹತ್ತಿರ ಹಿಡಿದು ನೋಡಿದ ತಾಯಂದಿರಿಗೆ ತಿಳಿದುದು ದೂರದಿಂದ ನೋಡಿದ ಪಂಡಿತರಿಗೆ ತಿಳಿಯಲಿಲ್ಲ. ಈ ಮಾತನ್ನು ನನಗೇ ಹೇಳಿಕೊಳ್ಳುತ್ತಿದ್ದೇನೆ.

ಇನ್ನು, ಸ್ನಾನ ಮಾಡದವರಿಗೆ ಮಾತ್ರ ಕಜ್ಜಿ ಬರುತ್ತದೆಂಬ ನನ್ನ ಅಂದಿನ ತಿಳಿವಳಿಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಕೆನೆತ್ ಮೆಲನ್ಬಿ ಎಂಬ ವಿಜ್ಞಾನಿ, ಸ್ವಇಚ್ಛೆಯಿಂದ ಮುಂದೆ ಬಂದವರ ಮೇಲೆ ಪ್ರಯೋಗಗಳನ್ನು ನಡೆಸಿದನು. ಇದು ಮುಖ್ಯವಾಗಿ ಮೈಗೆ ಮೈ ತಾಗಿಕೊಂಡಿರುವುದರಿಂದ ಹರಡುವುದೇ ಹೊರತು, ರೋಗಿಯ ಹೊದಿಕೆಗಳಿಂದ ಹರಡುವುದು ಬಹಳ ಕಡಮೆಯೆಂಬುದು ಅವುಗಳಿಂದ ತಿಳಿದುಬಂದಿತು. ಒಬ್ಬ ರೋಗಿಯ ಮೈಯಲ್ಲಿ ಸರಾಸರಿ ಹತ್ತು ಹನ್ನೆರಡು ಹೆಣ್ಣು ನುಸಿಗಳಷ್ಟೇ ಇರುತ್ತವೆ. ಸುರಂಗದೊಳಗಿರುವ ಜೀವಿಯನ್ನು ನೀರೂ ಸೋಪೂ ಏನೂ ಮಾಡಲಾರವು. ನಿತ್ಯ ಎರಡು ಬಾರಿ ಮೀಯುವವನಿಗೂ ಕಜ್ಜಿ ಬರಬಹುದು. ಇಕ್ಕಟ್ಟಾದ ಕೊಠಡಿಯಲ್ಲಿ ಒತ್ತಾಗಿ ಮಲಗುವುದೇ ಅದಕ್ಕೆ ಅನುಕೂಲ. ಆದುದರಿಂದ ಇದು ಕೊಳೆಯ ರೋಗವೆನ್ನುವುದಕ್ಕಿಂತ ಇಕ್ಕಟ್ಟಿನ ರೋಗವೆನ್ನುವುದು ಹೆಚ್ಚು ಸರಿ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಇದನ್ನು ಉಪೇಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿತು. ಯಾವುದೇ ಒಂದು ಕಾಲದಲ್ಲಿ ಲೋಕದಲ್ಲಿ 20 ಕೋಟಿಗೆ ಕಡಮೆಯಿಲ್ಲದಷ್ಟು ಜನ ಇದರಿಂದ ಬಳಲುತ್ತಿರುತ್ತಾರೆಂದು ಅದರ ಅಂದಾಜು.

ಈಗ ವೈದ್ಯರ ಆ ಮಾತಿಗೆ ಬರೋಣ. ಕಜ್ಜಿಯು ಮೊದಲ ಬಾರಿ ತಗುಲಿದಾಗ ತುರಿಕೆಯು ಕೂಡಲೇ ಪ್ರಾರಂಭವಾಗುವುದಿಲ್ಲ. ನುಸಿ ಮತ್ತು ಅದರ ಮಲಾದಿಗಳಿಗೆ ಶರೀರವು ಪ್ರತಿಕ್ರಿಯೆ ತೋರುವುದಕ್ಕೆ ನಾಲ್ಕರಿಂದ ಆರು ವಾರಗಳಾದರೂ ಹಿಡಿಯಬಹುದು. ಆ ಅವಧಿಯಲ್ಲಿ ತುರಿಕೆಯಿಲ್ಲದಿದ್ದರೂ ಅವನಿಂದ ಇತರರಿಗೆ ಹರಡುತ್ತಿರುತ್ತದೆ. ಹಿಂದೊಮ್ಮೆ ಕಜ್ಜಿಯಾಗಿದ್ದವನಿಗಾದರೆ ಒಂದರಿಂದ ನಾಲ್ಕು ದಿನಗಳಲ್ಲಿಯೇ ತುರಿಕೆ ಕಾಣಿಸಿಕೊಳ್ಳುತ್ತದೆ. ಹೀಗಿರುವಲ್ಲಿ, ಬೇರೆಯವರಿಂದ ತಗುಲಿಸಿಕೊಂಡವನೇ ಅವರಿಗಿಂತ ಮೊದಲು ತುರಿಸಿಕೊಳ್ಳುವುದೂ ಉಂಟು. ನಾವು ಬೆರಳು ತೋರಿಸುವುದು ತುರಿಸಿಕೊಳ್ಳುವವನ ಕಡೆಗೆ. ಪಕ್ಕದಲ್ಲಿ ಸುಮ್ಮನೆ ಕುಳಿತಿರುವವನ ಮೈಯಲ್ಲಿಯೂ ಅದೇ ನುಸಿಯಿರಬಹುದೆಂಬುದು ಹೊಳೆಯುವುದಿಲ್ಲ.

ಕಜ್ಜಿಯ ಚಿಕಿತ್ಸೆ

ಚಿಕಿತ್ಸೆಯ ಮೂಲಸೂತ್ರವು ಈ ವಿವರಣೆಯಿಂದಲೇ ಹೊರಡುತ್ತದೆ. ತುರಿಕೆಯಿರಲಿ, ಇಲ್ಲದಿರಲಿ, ಒಂದೇ ಮನೆಯಲ್ಲಿ ಅಥವಾ ಒಂದೇ ಕೊಠಡಿಯಲ್ಲಿರುವವರೆಲ್ಲರೂ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕು. ಒಬ್ಬೊಬ್ಬರಾಗಿ ಹಚ್ಚಿಕೊಂಡರೆ ಗುಣವಾದವನಿಗೆ ಗುಣವಾಗದವನಿಂದ ಮತ್ತೆ ಬರುತ್ತದೆ. ಊರ ಸುತ್ತಿ ಬಂದು ಹೊಸಲಲ್ಲಿ ಎಡವಿದಂತಾಗುತ್ತದೆ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಶೇಕಡ 5ರ ಪರ್ಮೆಥ್ರಿನ್ ಲೇಪ. ಸಂಜೆ ಸ್ನಾನ ಮಾಡಿ ಮೈಯನ್ನು ಒರಸಿಕೊಂಡು, ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದು, ಉಗುರಿನ ಕೆಳಭಾಗಗಳನ್ನೂ ಬಿಡದೆ ಹಚ್ಚಬೇಕು. ಎಂಟರಿಂದ ಹದಿನಾಲ್ಕು ಗಂಟೆಗಳ ಕಾಲ ಮೈಮೇಲಿದ್ದು ಬೆಳಗ್ಗೆ ತೊಳೆಯಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಒಂದು ವಾರದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಬೇಕು. ತುರಿಕೆಯಿರುವ ಕಡೆಗೆ ಮಾತ್ರ ಚೂರು ಚೂರಾಗಿ ಹಚ್ಚಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ನಮ್ಮ ಕಾಲದಲ್ಲಿ ಬಳಕೆಯಲ್ಲಿದ್ದ ಬೆಂಜೈಲ್ ಬೆಂಜೋಯೇಟ್ ದ್ರವವು ಇಂದಿಗೂ ಉಪಯುಕ್ತವೇ. ಅದು ಉರಿಯುತ್ತದೆ, ಮಕ್ಕಳಿಗಾದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ನೀರು ಬೆರೆಸಿ ತೆಳುಗೊಳಿಸಬೇಕು. ಹಸುಗೂಸುಗಳಿಗೂ ಗರ್ಭಿಣಿಯರಿಗೂ ಗಂಧಕದ ಮುಲಾಮನ್ನು ಕೊಡುವುದುಂಟು. ನಮ್ಮ ಆಯುರ್ವೇದಕ್ಕೂ ಪಾಶ್ಚಾತ್ಯ ವೈದ್ಯಕ್ಕೂ ಸಮಾನವಾದ ಪುರಾತನ ಔಷಧವಿದು. ಬಾಯಿಯ ಮೂಲಕ ತೆಗೆದುಕೊಳ್ಳುವ ಐವರ್‌ಮೆಕ್ಟಿನ್ ಗುಳಿಗೆಯೂ ಇದೆ. ಅದರ ಶೋಧನೆಗಾಗಿ ಕ್ಯಾಂಪ್‌ಬೆಲ್ ಮತ್ತು ಜಪಾನಿನ ಓಮುರಾ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ತೂಕವನ್ನು ನೋಡಿ ವೈದ್ಯರೇ ಕೊಡತಕ್ಕ ಔಷಧವದು. 15 ಕಿಲೋ ತೂಕಕ್ಕಿಂತ ಕಡಮೆಯಿರುವ ಮಕ್ಕಳಿಗೂ ಗರ್ಭಿಣಿಯರಿಗೂ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ನುಸಿಯು ಮೈಯನ್ನು ಬಿಟ್ಟು ಎರಡು ಮೂರು ದಿನಗಳಿಗಿಂತ ಹೆಚ್ಚಾಗಿ ಬದುಕಲಾರದು. ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಸಾಕು. ಒಗೆಯಲಾಗದ ಕಂಬಳಿ ಮುಂತಾದುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಬದಿಗಿರಿಸಬಹುದು. ಔಷಧ ಫಲಿಸಿದ ಮೇಲೂ ಎರಡರಿಂದ ನಾಲ್ಕು ವಾರಗಳ ಕಾಲ ತುರಿಕೆಯು ಉಳಿದಿರಬಹುದು. ಅದನ್ನು ಕಂಡು ರೋಗ ಹೋಗಲಿಲ್ಲವೆಂದು ದಿನ ದಿನವೂ ಔಷಧ ಬಳಿದುಕೊಳ್ಳುವುದು ಸಲ್ಲದು. ಬೇವಿನ ಸೊಪ್ಪು ಹಾಕಿದ ನೀರಿನ ಸ್ನಾನವು ಮೈಗೆ ಹಿತವೆನಿಸಿದರೆ ಮಾಡಲಿ. ಅದನ್ನೇ ನೆಚ್ಚಿ ಔಷಧವನ್ನು ಬಿಡಬಾರದು.

ಕೀವುಗುಳ್ಳೆ

ತುರಿಸಿಕೊಂಡ ಉಗುರಿನ ಗಾಯದ ಮೂಲಕ ಬ್ಯಾಕ್ಟೀರಿಯಗಳು ಒಳಹೊಕ್ಕು ಕೀವು ಕಟ್ಟುವುದು ಮಕ್ಕಳಲ್ಲಿ ಅತಿ ಸಾಮಾನ್ಯ. ಕಜ್ಜಿಯ ಬೆನ್ನ ಹಿಂದೆಯೇ ಇದು ಬರುತ್ತದೆ, ಸ್ವತಂತ್ರವಾಗಿಯೂ ಬರಬಹುದು. ಮೂಗು ಬಾಯಿಗಳ ಸುತ್ತ, ಕೈಕಾಲುಗಳ ಮೇಲೆ ಸಣ್ಣ ಗುಳ್ಳೆಗಳೆದ್ದು ಒಡೆದು, ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದೆ. ವೈದ್ಯರು ಇದನ್ನು ಇಂಪೆಟೈಗೊ ಎನ್ನುತ್ತಾರೆ. ಕಾರಣವಾದ ಜೀವಾಣುಗಳು ಎರಡು: ಸ್ಟೆಫಿಲೊಕಾಕಸ್ ಮತ್ತು ಸ್ಟ್ರೆಪ್ಟೊಕಾಕಸ್. ಮೊದಲನೆಯದಕ್ಕೆ 1882ರಲ್ಲಿ ಹೆಸರಿಟ್ಟವನು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಆಗ್‌ಸ್ಟನ್. ಗ್ರೀಕ್ ಭಾಷೆಯಲ್ಲಿ 'ಸ್ಟೆಫಿಲೆ' ಎಂದರೆ ದ್ರಾಕ್ಷಿಯ ಗೊಂಚಲು. ಸೂಕ್ಷ್ಮದರ್ಶಕದಲ್ಲಿ ಅವು ಗೊಂಚಲಿನಂತೆಯೇ ಕಾಣುತ್ತವೆ.

ಹಕ್ಕಳೆಯನ್ನು ಸೋಪು ನೀರಿನಿಂದ ಮೆಲ್ಲನೆ ನೆನೆಸಿ ತೆಗೆದು, ಕೆಲವೇ ಗಾಯಗಳಿದ್ದರೆ ಮ್ಯುಪಿರೊಸಿನ್ ಅಥವಾ ಫ್ಯುಸಿಡಿಕ್ ಆಮ್ಲದ ಮುಲಾಮನ್ನು ಹಚ್ಚುತ್ತಾರೆ. ಗಾಯಗಳು ಹಲವಿದ್ದರೆ, ಜ್ವರವಿದ್ದರೆ ಬಾಯಿಯ ಮೂಲಕ ಜೀವಿನಿರೋಧಕ ಔಷಧ ಬೇಕಾಗುತ್ತದೆ. ವೈದ್ಯರು ಹೇಳಿದಷ್ಟು ದಿನ ಅದನ್ನು ಪೂರ್ಣವಾಗಿ ಸೇವಿಸಬೇಕು. ಉಗುರುಗಳನ್ನು ಮೊಟಕಾಗಿ ಕತ್ತರಿಸಬೇಕು, ಗಾಯವನ್ನು ಮುಚ್ಚಿಡಬೇಕು, ಚೌಕವನ್ನು ಹಂಚಿಕೊಳ್ಳಬಾರದು.

ಇದು ಚರ್ಮದ ಮೇಲಿನ ಹುಣ್ಣೆಂದು ಉಪೇಕ್ಷಿಸುವವರಿಗೆ ಒಂದು ಎಚ್ಚರಿಕೆ. ಸ್ಟ್ರೆಪ್ಟೊಕಾಕಸ್ ಜೀವಾಣುವಿನ ಕೆಲವು ಬಗೆಗಳಿಂದಾದ ಹುಣ್ಣು ಮಾಯುತ್ತ ಬಂದು, ಸುಮಾರು ಮೂರು ವಾರಗಳ ಮೇಲೆ ಮಗುವಿನ ಮೂತ್ರಪಿಂಡಗಳು ಊದಿಕೊಳ್ಳಬಹುದು. ಬೆಳಗ್ಗೆ ಏಳುವಾಗ ಕಣ್ಣ ಸುತ್ತಲೂ ಮುಖವೂ ಬಾತಿರುವುದು, ಮೂತ್ರವು ಕಡಮೆಯಾಗಿ ಚಹದ ಕಷಾಯದ ಬಣ್ಣಕ್ಕೆ ತಿರುಗುವುದು ಅದರ ಚಿಹ್ನೆಗಳು. ಅಂತಹ ಮಗುವನ್ನು ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ಹುಣ್ಣಿನ ಸುತ್ತ ಕೆಂಪು ಬೇಗ ಬೇಗನೆ ಹರಡುತ್ತಿದ್ದರೂ, ಚಳಿಜ್ವರ ಬಂದರೂ ಇದೇ ನಿಯಮ.

ಹುಳುಕಡ್ಡಿ

ಹುಳುಕಡ್ಡಿಯಲ್ಲಿ ಹುಳುವಿಲ್ಲ. ಇಂಗ್ಲಿಷಿನ 'ರಿಂಗ್‌ವರ್ಮ್' ಎಂಬುದರಲ್ಲಿಯೂ ಹುಳುವಿದೆ. ವೈದ್ಯರ 'ಟೀನಿಯ' ಎಂಬ ಲ್ಯಾಟಿನ್ ಶಬ್ದಕ್ಕೂ ಬಟ್ಟೆ ತಿನ್ನುವ ನುಸಿಹುಳುವೆಂದೇ ಅರ್ಥ. ಮೂರು ಭಾಷೆಗಳು ಕೂಡಿ ಒಂದೇ ತಪ್ಪನ್ನು ಮಾಡಿವೆ. ಉಂಗುರದಂತೆ ದುಂಡಾಗಿ, ಅಂಚು ಉಬ್ಬಿ ಕೆಂಪಾಗಿ, ನಡುವೆ ತಿಳಿಯಾಗುತ್ತ ಹಿಗ್ಗುವ ಈ ಮಚ್ಚೆಗೆ ಕಾರಣವು ಒಂದು ಬಗೆಯ ಬೂಷ್ಟು. ಚರ್ಮದ ಹೊರಪದರ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವೇ ಅದರ ಆಹಾರ. ಬೆವರು, ಬಿಗಿಯಾದ ಉಡುಪು, ಒದ್ದೆ ಒಳಬಟ್ಟೆ, ಸದಾ ತೇವವಾಗಿರುವ ಉಡಿದಾರ ಇವು ಅದಕ್ಕೆ ಪೋಷಕ. ಸಂಸ್ಕೃತದಲ್ಲಿ ದದ್ರು. ನಮ್ಮ ಹೊಲದ ಬದುಗಳಲ್ಲಿ ಮಳೆಗಾಲದಲ್ಲಿ ಬೆಳೆಯುವ ತಗಚೆ ಗಿಡಕ್ಕೆ 'ದದ್ರುಘ್ನ', ಅಂದರೆ ದದ್ರುವನ್ನು ಕೊಲ್ಲುವುದು, ಎಂಬ ಹೆಸರೂ ಇದೆ. ಹಿಂದಿನವರು ಈ ರೋಗದೊಡನೆ ಎಷ್ಟು ಕಾಲ ಹೆಣಗಿದ್ದರೆಂಬುದಕ್ಕೆ ಆ ಹೆಸರೇ ಸಾಕ್ಷಿ.

ಚಿಕಿತ್ಸೆಗೆ ಕ್ಲೋಟ್ರಿಮಜೋಲ್, ಟರ್ಬಿನಾಫಿನ್ ಮುಂತಾದ ಬೂಷ್ಟುನಾಶಕ ಲೇಪಗಳಿವೆ. ಮಚ್ಚೆಯ ಅಂಚಿನಿಂದ ಎರಡು ಬೆರಳಿನಗಲ ಆಚೆಗೂ ಸೇರಿಸಿ ಹಚ್ಚಬೇಕು. ಮಚ್ಚೆಯು ಕಣ್ಮರೆಯಾದ ಮೇಲೂ ಒಂದೆರಡು ವಾರ ಮುಂದುವರಿಸಬೇಕು. ತಲೆಯಲ್ಲಿ ಕೂದಲು ಉದುರಿ ಬಿಲ್ಲೆ ಬಿಲ್ಲೆಯಾಗಿದ್ದರೆ ಲೇಪದಿಂದ ಸಾಲದು, ಗುಳಿಗೆ ಬೇಕು.

ಇಲ್ಲಿ ಹಿರಿಯ ವಿದ್ಯಾರ್ಥಿಗಳಿಗೂ ಪೋಷಕರಿಗೂ ವಿಶೇಷವಾಗಿ ತಿಳಿಸಬೇಕಾದ ಮಾತೊಂದಿದೆ. ಅಂಗಡಿಯಲ್ಲಿ ಕೇಳಿ ತಂದ ಕೆಲವು ಲೇಪಗಳಲ್ಲಿ ಬೂಷ್ಟುನಾಶಕದ ಜೊತೆಗೆ ಕ್ಲೊಬೆಟಸಾಲ್, ಬೀಟಾಮೆಥಸೋನ್ ಮೊದಲಾದ ತೀಕ್ಷ್ಣ ಸ್ಟೀರಾಯ್ಡ್‌ಗಳು ಬೆರೆತಿರುತ್ತವೆ. ಹಚ್ಚಿದ ಎರಡು ದಿನಗಳಲ್ಲಿಯೇ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಗುಣವಾಯಿತೆಂದು ಬಿಟ್ಟರೆ ಮೊದಲಿಗಿಂತ ಅಗಲವಾಗಿ ಮರಳಿ ಬರುತ್ತದೆ. ಸ್ಟೀರಾಯ್ಡ್ ಬೂಷ್ಟನ್ನು ಕೊಲ್ಲುವುದಿಲ್ಲ. ಅದರೊಡನೆ ಹೋರಾಡುತ್ತಿದ್ದ ಚರ್ಮದ ಶಕ್ತಿಯನ್ನು ಅಡಗಿಸುತ್ತದೆ. ಬೆಂಕಿಯನ್ನು ನಂದಿಸದೆ ಕೂಗುವವನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗಿ ಬರೆಬರೆಯಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಆದರೆ ಕೊಳ್ಳುವವರಿಗೆ ಅರಿವಿಲ್ಲದಿದ್ದರೆ ವಿಧಿಯೊಂದರಿಂದ ಏನಾದೀತು? ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಟರ್ಬಿನಾಫಿನ್ ಔಷಧಕ್ಕೂ ಬಗ್ಗದ ಬೂಷ್ಟು ಹಬ್ಬಿದೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟೀನಿಯೆ ಎಂಬ ಹೆಸರಿಟ್ಟರು. ಹೆಸರಿನಲ್ಲಿಯೇ ನಮ್ಮ ದೇಶವು ಸೇರಿಕೊಂಡಿರುವುದು ಹೆಮ್ಮೆಯ ಸಂಗತಿಯೇನಲ್ಲ.

ತುರಿಸದ ಮಚ್ಚೆ

ತುರಿಸುವ ಮಚ್ಚೆಗೆ ಹೆದರುವ ನಾವು ತುರಿಸದ ಮಚ್ಚೆಯನ್ನು ಕಡೆಗಣಿಸುತ್ತೇವೆ. ಮೈಬಣ್ಣಕ್ಕಿಂತ ಪೇಲವವಾದ ಅಥವಾ ಕೆಂಪಾದ, ಮುಟ್ಟಿದರೆ ಅರಿವಿಲ್ಲದ ಮಚ್ಚೆಯು ಕುಷ್ಠದ ಲಕ್ಷಣವಾಗಿರಬಹುದು. ಕಾರಣವಾದ ಜೀವಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದನು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದ ಬಹೌಷಧ ಚಿಕಿತ್ಸೆಯಿಂದ ಇದು ಸಂಪೂರ್ಣವಾಗಿ ಗುಣವಾಗುತ್ತದೆ; ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧವು ಉಚಿತ. ಬೇಗ ಪ್ರಾರಂಭಿಸಿದರೆ ಅಂಗವೈಕಲ್ಯವನ್ನು ತಪ್ಪಿಸಬಹುದು. ಮರೆಮಾಡಿದವರಿಗೇ ಅದರಿಂದ ಹಾನಿ. ಮರೆಮಾಡುವಂತೆ ಮಾಡುವುದು ನಮ್ಮ ನೋಟ.

ನಿಲಯದಲ್ಲಿ ನಡೆಯಬೇಕಾದುದು

ಆ ವೈದ್ಯರು ಅಂದು ಸಂಜೆ ಮಾಡಿಸಿದುದನ್ನು ಹೇಳಿ ಮುಗಿಸುತ್ತೇನೆ. ಅರುವತ್ತು ಮಂದಿ ಹುಡುಗರು, ಇಬ್ಬರು ಅಡುಗೆಯವರು, ನಾನು, ಎಲ್ಲರೂ ಒಂದೇ ಹೊತ್ತಿನಲ್ಲಿ ಮಿಂದು ಔಷಧ ಹಚ್ಚಿಕೊಂಡೆವು. ಮೊದಲು ಹಚ್ಚಿಕೊಂಡವನು ನಾನು. "ನಿಮ್ಮನ್ನು ನೋಡಿದರೆ ಹುಡುಗರ ನಾಚಿಕೆ ಹೋಗುತ್ತದೆ" ಎಂದು ವೈದ್ಯರೇ ಹಾಗೆ ಮಾಡಿಸಿದರು. ಮರುದಿನ ಹಂಡೆಗಳಲ್ಲಿ ನೀರು ಕಾಯಿಸಿ ಬಟ್ಟೆಗಳನ್ನೆಲ್ಲ ಒಗೆದೆವು. ವಾರದ ಮೇಲೆ ಇನ್ನೊಮ್ಮೆ ಹಚ್ಚಿಕೊಂಡೆವು. ತಿಂಗಳಲ್ಲಿ ನಿಲಯವು ಶುದ್ಧವಾಯಿತು.

ಆಮೇಲೆ ಔಷಧದ ಸೀಸೆಯನ್ನು ತೆಗೆದುಕೊಂಡು ಆ ಹುಡುಗನ ಊರಿಗೆ ಹೋದೆ. ಅವನು ವಾಡೆಯ ಮರೆಯಲ್ಲಿ ನಿಂತಿದ್ದ, ಎದುರಿಗೆ ಬರಲಿಲ್ಲ. ಮನೆಮಂದಿಯೆಲ್ಲ ಹಚ್ಚಿಕೊಳ್ಳಬೇಕಾದ ಕ್ರಮವನ್ನು ತಂದೆಗೆ ವಿವರಿಸಿದೆ. ನನಗೂ ಕಜ್ಜಿಯಿತ್ತೆಂದೂ, ತಪ್ಪು ನನ್ನದೆಂದೂ ಹುಡುಗನಿಗೆ ಕೇಳುವಂತೆ ಹೇಳಿದೆ. ತಂದೆಯು, "ಮೇಷ್ಟ್ರೇ, ನೀವು ಇಷ್ಟು ದೂರ ಬಂದದ್ದೇ ದೊಡ್ಡದು. ಹುಡುಗನಿಗೆ ಅಲ್ಲಿ ಮುಖ ತೋರಿಸೋಕೆ ನಾಚಿಕೆ. ದನ ನೋಡ್ಕೊಂಡು ಇರ್ತಾನೆ ಬಿಡಿ" ಎಂದರು. ಅವನು ಮರಳಿ ಶಾಲೆಗೆ ಬರಲಿಲ್ಲ. ಕಜ್ಜಿಯು ಎರಡು ಸಲದ ಲೇಪದಿಂದ ಹೋಗುತ್ತಿತ್ತು. ನನ್ನ ಮಾತಿನಿಂದಾದುದು ಹೋಗಲಿಲ್ಲ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹ: ತುರಿಸಿಕೊಳ್ಳುವ ಮಗುವನ್ನು ತರಗತಿಯ ಮುಂದೆ ನಿಲ್ಲಿಸಬೇಡಿ. ಏಕಾಂತದಲ್ಲಿ ಕರೆದು ಕೈಯನ್ನು ನೋಡಿ. ರಾತ್ರಿ ನಿದ್ದೆ ಬರುತ್ತದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದು ಕೇಳಿ. ಕಜ್ಜಿಯಾದ ಮಗುವು ಮೊದಲ ಲೇಪವಾದ ಮರುದಿನವೇ ತರಗತಿಗೆ ಬರಬಹುದು; ಬೇರೆ ಮಣೆಯ ಅಗತ್ಯವಿಲ್ಲ. ರಜೆ ಮುಗಿದು ಮಕ್ಕಳು ನಿಲಯಕ್ಕೆ ಮರಳಿದಾಗ ಒಮ್ಮೆ ಎಲ್ಲರ ಕೈಗಳನ್ನೂ ವೈದ್ಯರಿಂದ ನೋಡಿಸುವ ಪದ್ಧತಿಯಿದ್ದರೆ ಒಳ್ಳೆಯದು. ಎಲ್ಲರನ್ನೂ ನೋಡುವಲ್ಲಿ ಯಾರಿಗೂ ಅವಮಾನವಿಲ್ಲ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಮಾತು. ನಿಮ್ಮ ಔದಾರ್ಯದಿಂದ ಸಭಾಭವನವೂ ಕೊಠಡಿಗಳೂ ಎದ್ದಿವೆ. ಅದಕ್ಕಾಗಿ ಸಂಸ್ಥೆಯು ಋಣಿ. ಇನ್ನು ಮುಂದೆ ಕೊಡುವಾಗ ಮಕ್ಕಳು ಒಬ್ಬರಿಗೊಬ್ಬರು ತಾಗದಂತೆ ಮಲಗುವಷ್ಟು ಸ್ಥಳ, ತಲೆಗೊಂದು ಹೊದಿಕೆ, ತಲೆಗೊಂದು ಚೌಕ, ಬಟ್ಟೆ ಕುದಿಸುವುದಕ್ಕೆ ಎರಡು ದೊಡ್ಡ ಹಂಡೆ, ಬಿಸಿಲು ಬೀಳುವ ಕಡೆ ಬಟ್ಟೆ ಒಣಗಿಸುವ ತಂತಿ ಇವುಗಳನ್ನೂ ನೆನಪಿನಲ್ಲಿಡಿ. ಇವುಗಳ ಮೇಲೆ ಹೆಸರು ಕೆತ್ತಿಸುವುದಕ್ಕೆ ಸ್ಥಳವಿರುವುದಿಲ್ಲ. ಆದರೆ ಆ ರಾತ್ರಿ ಯಾವನೋ ಒಬ್ಬ ಹುಡುಗನು ಸುಖವಾಗಿ ನಿದ್ರಿಸಿ, ಬೆಳಗ್ಗೆ ಎದ್ದು ತನ್ನ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುತ್ತಾನೆ.